ತೀರಿದ ಸಾಲ, ಮಾಸದ ಕಲೆ

ನಮ್ಮೂರ ದಿನಸಿ ಅಂಗಡಿಯವರಲ್ಲಿ ಒಂದು ಪದ್ಧತಿಯುಂಟು. ಕಡ ತೀರಿಸಿದ ದಿನ ಪುಸ್ತಕ ತೆರೆದು, ನಮ್ಮೆದುರಿಗೇ ಆ ಲೆಕ್ಕದ ಮೇಲೆ ಅಡ್ಡಗೀಟು ಎಳೆಯುತ್ತಾರೆ. ಅಲ್ಲಿಗೆ ಬಾಕಿಯೂ ಮುಗಿಯಿತು, ಬಾಕಿಯ ಮಾತೂ ಮುಗಿಯಿತು. ಬ್ಯಾಂಕುಗಳು ನಂಬುವ ಪುಸ್ತಕವಾದರೋ ಬೇರೆ. ಅದನ್ನು ನಮ್ಮ ದೇಶದಲ್ಲಿ ನಾಲ್ಕು ಸಂಸ್ಥೆಗಳು ಬರೆದಿಡುತ್ತವೆ. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಅವುಗಳಲ್ಲಿ ಮೊದಲನೆಯದು. ಸಾಲಗಾರನಿಗೆ 300ರಿಂದ 900ರವರೆಗೆ ಅಂಕವೂ ಉಂಟು. ಪರೀಕ್ಷೆಯ ಅಂಕಪಟ್ಟಿಯನ್ನಾದರೂ ನಾವು ಕಣ್ಣಾರೆ ಕಾಣುತ್ತೇವೆ; ಈ ಅಂಕಪಟ್ಟಿಯನ್ನು ಕಾಣದೆಯೇ ನಪಾಸಾದವರೆಷ್ಟೋ!

ನನ್ನ ಅಣ್ಣನೂ ಅವರಲ್ಲೊಬ್ಬ. ತಂದೆಯವರು ಕಾಯಿಲೆ ಬಿದ್ದ ವರ್ಷ ಅವನು ಮೋಟಾರು ಬೈಕಿನ ಸಾಲದ ಕಂತುಗಳನ್ನು ಕಟ್ಟಲಾರದೆ ಹೋದ. ಕೊನೆಗೆ ಸಾಲ ಕೊಟ್ಟವರೇ, ಇಷ್ಟು ಕಟ್ಟಿರಿ, ಉಳಿದುದನ್ನು ಬಿಟ್ಟೆವು ಎಂದರು. ಕಟ್ಟಿದ, ಋಣ ಹರಿಯಿತೆಂದು ನೆಮ್ಮದಿಯಿಂದಿದ್ದ. ನನ್ನ ಶಿಕ್ಷಣಸಾಲಕ್ಕೆ ಜೊತೆಗೆ ಸಹಿ ಹಾಕಲು ಹೋದಾಗಲೇ ನಿಜ ತಿಳಿದದ್ದು. ಅವನ ವರದಿಯಲ್ಲಿ 'ಕ್ಲೋಸ್ಡ್' ಎಂದಿರಲಿಲ್ಲ, 'ಸೆಟಲ್ಡ್' ಎಂದಿತ್ತು. ಮೊದಲನೆಯದಕ್ಕೆ ಪೂರ್ತಿ ತೀರಿಸಿದವನೆಂದು ಅರ್ಥ. ಎರಡನೆಯದಕ್ಕೆ ಕಡಮೆ ಕೊಟ್ಟು ಪಾರಾದವನೆಂದು. ನನ್ನ ಅರ್ಜಿ ಹಿಂದಕ್ಕೆ ಬಂತು.

ಈ ಕಲೆ ಎಂದಿಗೆ ಹೋಗುವುದೆಂದು ಕೇಳಿದೆವು. ಯಾರೂ ದಿನ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಇಂಥ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟಿರಬೇಕೆಂಬುದು 2005ರ ಕಾಯಿದೆಯನ್ವಯ ನಮ್ಮಲ್ಲಿರುವ ಕಟ್ಟಳೆ. ಅಮೆರಿಕೆಯ 1970ರ ಕಾಯಿದೆಯೂ 7 ವರ್ಷವೆನ್ನುತ್ತದೆ. ಆದರೆ ಅಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹಳೆಯದನ್ನು ವರದಿಯಲ್ಲಿ ತೋರಿಸಕೂಡದು, ದಿವಾಳಿಯಾದರೆ ಮಾತ್ರ 10. ಅವರಿಗೆ ಏಳು ಮೇಲಿನ ಗಡಿ, ನಮಗೆ ಕೆಳಗಿನ ಗಡಿ. ಅಂಕೆ ಒಂದೇ, ನ್ಯಾಯ ಬೇರೆ! ಇನ್ನೊಂದು ವಿಚಿತ್ರ ನೋಡಿ: ಬಾಕಿಯ ವಸೂಲಿಗೆ ದಾವೆ ಹೂಡಲು 1963ರ ಪರಿಮಿತಿ ಕಾಯಿದೆ ಸಾಧಾರಣವಾಗಿ ಕೊಡುವುದು 3 ವರ್ಷ. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೂ ಕಲೆ ಉಳಿದೇ ಇರುತ್ತದೆ.

ಸಾಲ ಕೊಡುವವನಿಗೆ ಹಿಂದಿನದು ತಿಳಿಯಬೇಡವೇ ಎಂದು ಅರ್ಥಶಾಸ್ತ್ರದ ಗುರುಗಳು ಕೇಳಿಯಾರು. ತಿಳಿಯಲಿ. ಮೋಸಗಾರರ ನಷ್ಟವನ್ನು ಪ್ರಾಮಾಣಿಕರು ಬಡ್ಡಿಯ ರೂಪದಲ್ಲಿ ಹೊರಬೇಕಾಗುತ್ತದೆಂಬುದನ್ನು ನಾನೂ ಬಲ್ಲೆ. ಆದರೆ ಸೆರೆಗೆ ಹೋದವನಿಗೂ ಬಿಡುಗಡೆಯ ದಿನ ಗೊತ್ತಿರುತ್ತದೆ. ಇಂಥ ದಿನದ ಅನಂತರ ಈ ಸಂಗತಿಯನ್ನು ತೋರಿಸಕೂಡದೆಂದು ನಮ್ಮ ಕಾಯಿದೆಯೂ ಹೇಳಬೇಕು, ಆ ದಿನಾಂಕ ವರದಿಯಲ್ಲೇ ಅಚ್ಚಾಗಿರಬೇಕು ಎಂಬುದು ನನ್ನ ವಾದ.

ಅಲ್ಲಿಯವರೆಗೆ, ಮಿತ್ರರೇ, ವರದಿಯನ್ನು ತರಿಸಿ ನೋಡಿಕೊಳ್ಳಿ. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ತಪ್ಪು ಕಂಡರೆ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿದೆ. ನಿಜವಾದ ಕಲೆಯನ್ನೇ ಹಣ ತೆಗೆದುಕೊಂಡು ಅಳಿಸಿಕೊಡುತ್ತೇವೆನ್ನುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಅಣ್ಣ ಈಗ, ಅವರು ಬಿಟ್ಟೆವೆಂದ ಮೊತ್ತವನ್ನೇ ತಿಂಗಳು ತಿಂಗಳು ಕೂಡಿಡುತ್ತಿದ್ದಾನೆ. ಅದನ್ನು ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, 'ಸೆಟಲ್ಡ್' ಎಂಬುದನ್ನು ತಿದ್ದಿಸಬೇಕೆಂದು ಅವನ ಹಟ. ಕಂತು ತಪ್ಪಿದ ಆ ತಿಂಗಳುಗಳು ಆಗಲೂ ಅಲ್ಲೇ ಇರುತ್ತವೆಂದು ಅವನಿಗೆ ನಾನಿನ್ನೂ ಹೇಳಿಲ್ಲ.