ಹೆಸರಿಲ್ಲದೆಯೂ ಒಮ್ಮತ

ಈಗ ಪಂಚಾಂಗ ನೋಡುವ ಆ್ಯಪ್ ಕೂಡ ಮೊದಲು ಮೊಬೈಲ್ ನಂಬರ್ ಕೇಳುತ್ತದೆ. ಗುರುತಿಲ್ಲದೆ ವ್ಯವಸ್ಥೆಯೇ ನಡೆಯದು ಎಂಬ ವಾದವನ್ನು ನಾನು ಒಪ್ಪಲಾರೆ. ಹೆಸರಿಲ್ಲದ ಪ್ರೊಸೆಸ್‌ಗಳು ಒಂದೇ ಪ್ರೋಗ್ರಾಮ್ ನಡೆಸುತ್ತ, ಒಂದೇ ಮೆಮೊರಿಯಲ್ಲಿ ಓದಿ ಬರೆಯುತ್ತಿವೆ ಎನ್ನಿ. ಎಲ್ಲವೂ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಬರೆಯುವುದೂ ಅದೇ, ಓದುವುದೂ ಅದೇ. ತಮ್ಮಲ್ಲೊಬ್ಬ ನಾಯಕನನ್ನು ಆರಿಸಲು ಅವಕ್ಕೆ ಆಗದು. (ನಾಣ್ಯ ಚಿಮ್ಮಲು ಬಿಟ್ಟರೆ ಮಾತು ಬೇರೆ.) ಜಾಲಗಳ ವಿಷಯದಲ್ಲಿ ಇಂಥದ್ದನ್ನು ಡಾನಾ ಆಂಗ್ಲುಯಿನ್ 1980ರಲ್ಲೇ ತೋರಿಸಿದ್ದರು.

ಆದರೆ ಒಂದು ಉತ್ತರಕ್ಕೆ ಎಲ್ಲರೂ ಒಪ್ಪುವುದು? ಅದು ಸಾಧ್ಯ. ಗೆರಾವಿ ಮತ್ತು ರಪರ್ಟ್ ಅದಕ್ಕೆ ಆಲ್ಗಾರಿದಂ ಕೊಟ್ಟಿದ್ದಾರೆ. ಯಾವುದಾದರೂ ಒಂದು ಪ್ರೊಸೆಸ್‌ಗೆ ಸ್ವಲ್ಪ ಹೊತ್ತು ಅಡ್ಡಿಯಿಲ್ಲದೆ ನಡೆಯಲು ಸಿಕ್ಕರೆ ಸಾಕು. ಯಾರು ಹೇಳಿದ್ದೆಂದು ಗೊತ್ತಾಗದೆಯೇ ಏನೆಂಬುದು ತೀರ್ಮಾನವಾಗುತ್ತದೆ. ಹಾಗಾಗಿ ನಂಬರ್ ಕೇಳುವವರು, ಅದು ಯಾವ ಕೆಲಸಕ್ಕೆ ಬೇಕೆಂದು ಮೊದಲು ಹೇಳಲಿ.