ಗುತ್ತಿಗೆ ಗದ್ದೆ ಸಿಕ್ಕಿತೇ?



ಶೃಂಗೇರಿ ಸೀಮೆಯ ನಮ್ಮ ಅಡ್ಡಗದ್ದೆಯ ಹೆಸರಲ್ಲೇ ಗದ್ದೆ ಇದೆ. ಮಲೆನಾಡಿನ ಇಂಥ ಗದ್ದೆಗಳಲ್ಲಿ ನಾಟಿ ನೆಟ್ಟು ಸೊಂಟ ಮುರಿದುಕೊಂಡವರಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿದೆ? ಸಾಹಿತ್ಯದಲ್ಲಿ ವರ್ಗ ಅಂತ ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಮೊದಲು ನೆನಪಾಗುವುದು ಈ ಪಹಣಿ.

ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಶುರು ಮಾಡುವುದೇ ನಾಯಿಗುತ್ತಿಯಿಂದ. ಅವನು ಹೊಲೆಯ, ಸಿಂಬಾವಿ ಹೆಗ್ಗಡೆಯ ಜೀತದಾಳು. ಅವನಿಗೂ ಪ್ರೀತಿಯಿದೆ, ಹಟವಿದೆ, ಹುಲಿಯ ಎಂಬ ನಾಯಿಯಿದೆ. ಜಮೀನಿದ್ದ ಮನೆಯಲ್ಲಿ ಹುಟ್ಟಿದವರು ಹೀಗೆ ಬರೆದದ್ದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ನಮ್ಮ ಪಂಡಿತರು ಕಾಡು ನೋಡಿದರು, ದರ್ಶನ ನೋಡಿದರು. ಅವನ ದುಡಿಮೆಗೆ ಸಿಕ್ಕಿದ್ದೇನು ಅಂತ ಎಷ್ಟು ಜನ ಕೇಳಿದರು?

ನಮ್ಮ ತರಗತಿಯ ಹುಡುಗನೊಬ್ಬ ಕೇಳಿದ: “ಸಾ, ಗುತ್ತಿ 1974ರಲ್ಲಿ ಇದ್ದಿದ್ರೆ ಅವ್ನಿಗೆ ಗದ್ದೆ ಸಿಗ್ತಿತ್ತಾ?”

ಕಷ್ಟ ಕಣೋ. ಆ ವರ್ಷದ ಭೂಸುಧಾರಣೆ ಉಳುವವನೇ ಹೊಲದೊಡೆಯ ಅಂತು. ಆದರೆ ಅರ್ಜಿ ಹಾಕಿ ಹಕ್ಕು ಕೇಳಬಹುದಾಗಿದ್ದವನು ಗೇಣಿದಾರ. ಜೀತದಾಳೂ ಉಳುತ್ತಿದ್ದ, ಆದರೆ ಒಡೆಯನ ಆಳಾಗಿ. ಗೇಣಿದಾರ ಅನ್ನಿಸಿಕೊಳ್ಳೋಕೆ ಮೊದಲು ಯಾರಾದರೂ ಭೂಮಿ ಗೇಣಿಗೆ ಕೊಟ್ಟಿರಬೇಕಲ್ಲ! 1976ರ ಕಾಯ್ದೆ ಜೀತ ರದ್ದು ಮಾಡಿತು. ಸಾಲ ಹರಿಯಿತು, ಗದ್ದೆ ಬರಲಿಲ್ಲ.

ಕಾರಂತರ ಚೋಮ 1933ರಲ್ಲೇ ಈ ಬಾಗಿಲು ತಟ್ಟಿದ್ದ. ಅವನ ಹತ್ತಿರ ಎತ್ತು ಇತ್ತು, ತೋಳು ಇತ್ತು. ಕೇಳಿದ್ದು ಬೇಸಾಯಕ್ಕೆ ತುಂಡು ನೆಲ, ದಾನವಲ್ಲ. ಅಡ್ಡ ಬಂದದ್ದು ಬರೀ ಬಡತನವೇ? ಬಡವ, ಬಲ್ಲಿದ ಅಂತ ಎರಡೇ ಖಾನೆ ಬರೆದುಕೊಂಡ ಪ್ರಗತಿಪರ ಗೆಳೆಯರು ಇದಕ್ಕೆ ಉತ್ತರ ಹೇಳಲಿ. ಬಡ ಗೇಣಿದಾರನ ಜಗಲಿಗೂ ಚೋಮ ಹತ್ತುವಂತಿರಲಿಲ್ಲ.

ನವ್ಯರ ಕಥೆ ಇನ್ನೊಂದು. 1965ರ ‘ಸಂಸ್ಕಾರ’ದಲ್ಲಿ ಅಗ್ರಹಾರದ ಒಂದು ಹೆಣಕ್ಕೆ ಕಾದಂಬರಿ ಪೂರ್ತಿ ಚರ್ಚೆ. ಹೊಲಗೇರಿಯಲ್ಲಿ ಸತ್ತವರು ಗುಡಿಸಲ ಸಮೇತ ಸುಟ್ಟುಹೋಗುತ್ತಾರೆ. ಲೇಖಕರು ಅದನ್ನು ಕಂಡಿದ್ದಾರೆ, ಬರೆದಿದ್ದಾರೆ. ಓದಿದ ನಾವು ಮಾತ್ರ ಪ್ರಾಣೇಶಾಚಾರ್ಯರ ಸಂಕಟದ ಹಿಂದೆಯೇ ಹೊರಟೆವು.

ದೇವನೂರ ಮಹಾದೇವರ ‘ಒಡಲಾಳ’ ಓದುವಾಗ ಹಾಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ, ಮನೆಮಂದಿ ಸಾಹುಕಾರನ ಕಡಲೆಕಾಯಿ ರಾತ್ರಿಯೇ ತಿಂದು ಮುಗಿಸುತ್ತಾರೆ, ಆಮೇಲೆ ಪೊಲೀಸರು ಬರುತ್ತಾರೆ. ಯಾರ ಹೊಟ್ಟೆ, ಯಾರ ಕಾಯಿ ಅನ್ನೋದು ಅಲ್ಲಿ ಮರೆಯಾಗುವುದಿಲ್ಲ.

ಮೇಷ್ಟ್ರುಗಳೇ, ‘ಗುತ್ತಿಯ ಸ್ವಾಮಿಭಕ್ತಿ ವಿವರಿಸಿ’ ಅಂತ ಪ್ರಶ್ನೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಗುತ್ತಿಯ ಕೇರಿಯ ಮಕ್ಕಳು ನಿಮ್ಮೆದುರೇ ಕೂತಿದ್ದಾರೆ. ಅವರ ಮನೆಯಲ್ಲಿ ಪಹಣಿ ಇದೆಯಾ ಕೇಳಿ, ಅಲ್ಲಿಂದ ಪಾಠ ಶುರು ಮಾಡಿ.