ಗ್ರೀಕರ ಕಥೆ, ವಲಸೆಗಾರನ ಮನೆ

ಎರಡನೆಯ ವಯಸ್ಸಿನಲ್ಲಿಯೇ ವಿಯೆಟ್ನಾಮಿನ ನಿರಾಶ್ರಿತ ಕುಟುಂಬದೊಡನೆ ಅಮೆರಿಕವನ್ನು ಸೇರಿದ ಓಷನ್ ವುವಾಂಗ್ ಎಂಬ ಕವಿಯು 2016ರಲ್ಲಿ ಹೊರತಂದ ಕವನಸಂಗ್ರಹಕ್ಕೆ 2017ರ ಟಿ. ಎಸ್. ಎಲಿಯಟ್ ಬಹುಮಾನವು ದೊರೆಯಿತು. ಅದರಲ್ಲಿ ಟೆಲೆಮ್ಯಾಕಸ್, ಯೂರಿಡಿಸಿ ಮೊದಲಾದ ಗ್ರೀಕ್ ಹೆಸರುಗಳು ಬರುವುವು. ನಿರಾಶ್ರಿತರ ಮನೆಯ ಹುಡುಗನಿಗೆ ಹೋಮರನ ಹಂಗೇಕೆ, ಇದು ಪಾಶ್ಚಾತ್ಯ ವಿದ್ವಾಂಸರ ಮೆಚ್ಚುಗೆಗಾಗಿ ಧರಿಸಿದ ವೇಷವಲ್ಲವೇ, ಎಂದು ಯಾರಾದರೂ ಆಕ್ಷೇಪಿಸಬಹುದು.

ಈ ಆಕ್ಷೇಪಣೆಯನ್ನು ನಾವು ಸರ್ವಥಾ ತಳ್ಳಿಹಾಕಲಾರೆವು. ಶೀರ್ಷಿಕೆಯಲ್ಲಿ ಒಂದು ಪುರಾಣದ ಹೆಸರನ್ನಿಟ್ಟು ಪಾಂಡಿತ್ಯವನ್ನು ಮೆರೆಯಿಸುವ ಕವಿಗಳು ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ. ಆದರೆ ಟೆಲೆಮ್ಯಾಕಸನು ಯಾರು? ಯುದ್ಧಕ್ಕೆ ಹೋಗಿ ಇಪ್ಪತ್ತು ವರ್ಷ ಮರಳದ ತಂದೆಯ ಮುಖವನ್ನರಿಯದೆ ಬೆಳೆದ ಮಗ. ಈ ಕವಿಯ ಅಜ್ಜನು ಅಮೆರಿಕದ ಸೈನಿಕ, ಅಜ್ಜಿಯು ವಿಯೆಟ್ನಾಮಿನ ಹಳ್ಳಿಯ ಹೆಣ್ಣು. ಆ ಯುದ್ಧವಿಲ್ಲದೆ ಆ ಕುಟುಂಬವೇ ಇಲ್ಲ. ತಂದೆಯು ಮನೆಬಿಟ್ಟ ಮೇಲೆ ಹಾರ್ಟ್‌ಫರ್ಡ್ ನಗರದಲ್ಲಿ ತಾಯಿಯು ಪರರ ಉಗುರಿಗೆ ಬಣ್ಣ ಹಚ್ಚುವ ಕೆಲಸದಿಂದ ಮಗನನ್ನು ಸಾಕಿದಳು. ಇಂಥವನಿಗೆ ಆ ಹೆಸರು ಎರವಲೆನಿಸದು. ಹೋಮರನಲ್ಲಿ ತಂದೆಯು ಜೀವಸಹಿತ ಮರಳುವನು. ಈ ಕವನದಲ್ಲಿಯಾದರೋ ಮಗನು ತಂದೆಯ ದೇಹವನ್ನು ನೀರಿನಿಂದ ದಡಕ್ಕೆಳೆಯುವನು. ಈ ವ್ಯತ್ಯಾಸದಲ್ಲಿಯೇ ಕವಿಯ ಸ್ವಂತ ಮಾತಿರುವುದು. ಸೋಫೋಕ್ಲೀಸನ ಏಜಾಕ್ಸನ ದುರಂತವನ್ನು ಬಿ. ಎಂ. ಶ್ರೀಯವರು ಅಶ್ವತ್ಥಾಮನ ಮೇಲೆ ಹೊರಿಸಿದುದನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಅಪರಿಚಿತವಾದ ಮಾರ್ಗವೂ ಅಲ್ಲ.

ನಮ್ಮ ಮನಸ್ಸನ್ನು ಕಲಕುವ ಸಂಗತಿಯು ಬೇರೆ. 2019ರಲ್ಲಿ ತೀರಿಕೊಂಡ ಆ ತಾಯಿಗೆ ಓದುಬರಹ ಬಾರದು. ತನ್ನ ಮನೆಯ ಬಾಳನ್ನು ಹೋಮರನ ಪಕ್ಕದಲ್ಲಿ ಕುಳ್ಳಿರಿಸಿದ ಆ ಪುಟಗಳನ್ನು ಆಕೆಯು ಓದಲಾರದೆ ಹೋದಳು.